ಪ್ಲಗ್ ಕೇಳಲಾರದೆ ಕೊಂಡ ಮಿಷನ್ನು

ಹೋದ ಭಾನುವಾರ ನೀನು ಮೊಬೈಲಿನಲ್ಲಿ ನೀರು ಚಿಮ್ಮಿಸಿ ತೊಳೆಯುವ ಮೂರು ಮಿಷನ್ನುಗಳ ಚಿತ್ರ ತೋರಿಸಿ, "ಅಜ್ಜಿ, ಮನೆ ತೊಳೆಯೋ ಕೆಲ್ಸ ಶುರು ಮಾಡ್ಬೇಕು ಅಂತಿದ್ದೀವಿ. ಇದ್ರಲ್ಲಿ ಯಾವ್ದು ತಗೊಳ್ಳೋಣ?" ಎಂದು ಕೇಳಿದೆ. ನಿನ್ನ ತಮ್ಮ ಪಕ್ಕದಲ್ಲಿ ಕೂತು, "ಅಜ್ಜಿ ಎಕ್ಸ್‌ಪರ್ಟು ಕಣೇ" ಎಂದು ಹಲ್ಲು ಕಿಸಿದ. ನಾನು ಒಲೆಯ ಮೇಲೆ ಹಾಲಿದೆ ಎಂದು ಹೇಳಿ ಎದ್ದು ಒಳಗೆ ಹೋದೆ. ಒಲೆಯ ಮೇಲೆ ಹಾಲಿರಲಿಲ್ಲ. ಮೂರನೆಯ ಚಿತ್ರದಲ್ಲಿದ್ದದ್ದು ಪೆಟ್ರೋಲ್ ಮಿಷನ್ನು. ಅದರ ಕೆಂಪು ಬಣ್ಣ, ಎಳೆದು ಶುರು ಮಾಡುವ ಹಗ್ಗ, ಎರಡು ಗಾಲಿ, ಎಲ್ಲವೂ ನನ್ನ ಹಳೆಯ ಮಿಷನ್ನಿನ ಹಾಗೆಯೇ ಇದ್ದವು.

ಎದುರಿಗೆ ಕೂತು ಹೇಳಲು ನನ್ನಿಂದ ಆಗುವುದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ. ಕೋಡಿಹಳ್ಳಿ ಕಡೆಯ ನಮ್ಮೂರ ಶಾಲೆಯಲ್ಲಿ ನಾನು ಏಳನೆಯ ತರಗತಿಯವರೆಗೆ ಓದಿದೆ. ಅಕ್ಷರ ದುಂಡಗೆ ಬರುತ್ತಿತ್ತು, ಮಾತು ಬರುತ್ತಿರಲಿಲ್ಲ. ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದರೂ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅಷ್ಟು ಮಕ್ಕಳ ಮುಂದೆ ಬಾಯಿ ಬಿಡುವುದಕ್ಕಿಂತ ಅಂಗೈಗೆ ಎರಡು ಏಟು ತಿನ್ನುವುದು ಸುಲಭವಾಗಿತ್ತು. ಈ ಸ್ವಭಾವವನ್ನು ಎಲ್ಲರೂ ಒಳ್ಳೆಯ ಗುಣ ಎಂದರು. ನನ್ನ ಮದುವೆಯ ಮಾತುಕತೆಯಲ್ಲಿ ನಮ್ಮಪ್ಪ ಅದನ್ನೇ ಹೆಚ್ಚುಗಾರಿಕೆಯಾಗಿ ಹೇಳಿಕೊಂಡರು. "ನಮ್ ಹುಡ್ಗಿ ಬಾಯ್ ಸತ್ತೋಳು ಕಣಪ್ಪ. ನೀವು ಹೊಡುದ್ರೂ ಪಕ್ಕದ್ ಮನೆಗೆ ಕೇಳ್ಸಾಕಿಲ್ಲ." ಕೂತಿದ್ದವರೆಲ್ಲ ನಕ್ಕರು. ನಾನು ಒಳಗೆ ನೀರಿನ ಲೋಟ ಒರೆಸುತ್ತಿದ್ದೆ.

ನಿಮ್ಮ ತಾತ ನನ್ನನ್ನು ಹೊಡೆಯಲಿಲ್ಲ. ಅವರು ರಾಮನಗರದಲ್ಲಿ ಮನೆಗಳಿಗೆ ಸುಣ್ಣ ಬಣ್ಣ ಬಳಿಯುತ್ತಿದ್ದರು. ಬಳಿಯುವ ಮೊದಲು ಗೋಡೆಯ ಪಾಚಿ, ಹಳೆಯ ಬಣ್ಣದ ಹಕ್ಕಳೆ, ಕಾಂಪೌಂಡಿನ ಕೊಳೆ ಎಲ್ಲ ಕೆರೆದು ತೊಳೆಯಬೇಕು. ಅದು ನನ್ನ ಕೆಲಸ. ಒಂದು ತಂತಿ ಬ್ರಷ್ಷು, ಬ್ಲೀಚಿಂಗ್ ಪುಡಿ, ಒಂದು ಬಕೆಟ್ಟು. ಮನೆಯವರ ಹತ್ತಿರ ನೀರು ಕೇಳುವುದು, ಏಣಿ ಎಲ್ಲಿ ನಿಲ್ಲಿಸಲಿ ಎಂದು ಕೇಳುವುದು, ಊಟದ ಹೊತ್ತಿಗೆ ನೆರಳು ಕೇಳುವುದು ಎಲ್ಲ ಅವರದೇ. ನಾನು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಜನರ ಮನೆಯ ಗೋಡೆಗೆ ಮುಖ ಮಾಡಿ ಕೂತು ಉಜ್ಜಿದೆ. ಆ ಮನೆಗಳ ಒಳಗೆ ಯಾರಿದ್ದರು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಒಂದು ಆಷಾಢದ ಬೆಳಿಗ್ಗೆ ಅವರು ಕೆಲಸಕ್ಕೆ ಹೊರಟವರು ಬಚ್ಚಲ ಬಾಗಿಲಲ್ಲಿ ಬಿದ್ದರು, ಏಳಲಿಲ್ಲ. ಆಗ ನಿಮ್ಮ ಅಮ್ಮ ಮದುವೆಯಾಗಿ ಕನಕಪುರದಲ್ಲಿದ್ದಳು. ನಿನಗೆ ಆರು ವರ್ಷ, ನಿನ್ನ ತಮ್ಮನಿಗೆ ನಾಲ್ಕು. ನಿಮ್ಮ ಚಿಕ್ಕಮ್ಮ ಮೊದಲ ವರ್ಷದ ಪಿಯುಸಿಗೆ ಸೇರಿ ಒಂದು ತಿಂಗಳಾಗಿತ್ತು. ರಾಮನಗರದ ಎರಡು ಕೋಣೆಯ ಬಾಡಿಗೆ ಮನೆಯಲ್ಲಿ ನಾನು, ಅವಳು ಉಳಿದೆವು.

ಹನ್ನೊಂದನೆಯ ದಿನದ ಕಾರ್ಯದ ಊಟ ಮುಗಿದು ನೆಂಟರೆಲ್ಲ ಎಲೆ ಅಡಿಕೆ ಹಾಕಿಕೊಳ್ಳುವಾಗ ನನ್ನ ಭಾವ, ಅಂದರೆ ನಿಮ್ಮ ತಾತನ ಅಣ್ಣ, ಮಾತು ತೆಗೆದರು. ಅವರು ಮಾಗಡಿ ಆಚೆಯ ಹಳ್ಳಿಯಲ್ಲಿ ಬೇಸಾಯ ಮಾಡಿಕೊಂಡಿದ್ದವರು.

"ನಮ್ಮನೇಲಿ ಆರು ಹಸ ಅವೆ. ಸಗಣಿ ಬಾಚಕ್ಕೆ ಆಳ್ ಸಿಗಾಕಿಲ್ಲ. ಇವ್ಳು ಅಲ್ಲಿಗ್ ಬಂದ್ಬುಡ್ಲಿ. ಕೊಟ್ಟಿಗೆ ಪಕ್ಕದ್ ಕೋಣೆ ಖಾಲಿ ಐತೆ. ಹುಡ್ಗೀಗೆ ಓದಿದ್ದು ಸಾಕು, ಅಲ್ಲೇ ಒಂದ್ ಗಂಡು ನೋಡ್ತೀನಿ."

ಎಂಥ ದೊಡ್ಡ ಮನಸ್ಸು ಎಂದು ನೆಂಟರು ತಲೆದೂಗಿದರು. ನಿಮ್ಮ ಚಿಕ್ಕಮ್ಮ ನನ್ನ ಬೆನ್ನ ಹಿಂದಿನಿಂದ, "ನಾನು ಪಿಯುಸಿ ಮುಗಿಸ್ಬೇಕು ದೊಡ್ಡಪ್ಪ" ಎಂದಳು.

"ಮುಗ್ಸು. ಯಾರ್ ದುಡ್ದಾಕ್ತಾರೆ? ನಿಮ್ಮವ್ವನಾ? ಗೋಡೆ ಉಜ್ಜಕ್ಕೆ ಕೈ ಸಾಕು, ಕೆಲ್ಸ ಕೇಳಕ್ಕೆ ಬಾಯಿ ಬೇಕಲ್ಲವ್ವ."

ಕೊನೆಗೆ ನೆಂಟರಲ್ಲೊಬ್ಬ ಮುದುಕರು ಒಂದು ತೀರ್ಮಾನ ಮಾಡಿದರು. ವರ್ಷದ ತಿಥಿಯವರೆಗೆ ನೋಡುವುದು. ಅಷ್ಟರಲ್ಲಿ ನಾನು ನನ್ನ ಕಾಲ ಮೇಲೆ ನಿಂತರೆ ಸರಿ, ಇಲ್ಲವಾದರೆ ತಿಥಿಯ ದಿನ ಭಾವ ಟೆಂಪೋ ತರುವುದು, ಸಾಮಾನು ತುಂಬುವುದು. ನಿಮ್ಮ ಚಿಕ್ಕಮ್ಮನ ಓದು, ನಮ್ಮ ಆ ಎರಡು ಕೋಣೆ, ಎಲ್ಲ ಆ ಒಂದು ದಿನಕ್ಕೆ ನೇತುಬಿತ್ತು.

ನನಗೆ ಗೊತ್ತಿದ್ದದ್ದು ಗೋಡೆ ತೊಳೆಯುವುದೊಂದೇ. ಆದರೆ ಆ ಹೊತ್ತಿಗೆ ತಂತಿ ಬ್ರಷ್ಷಿನವರನ್ನು ಯಾರೂ ಕರೆಯುತ್ತಿರಲಿಲ್ಲ. ಬೆಂಗಳೂರಿನಿಂದ ಒಬ್ಬ ನೀರು ಚಿಮ್ಮುವ ಮಿಷನ್ನು ತಂದು ನಾನು ಮೂರು ದಿನ ಉಜ್ಜುವ ಕಾಂಪೌಂಡನ್ನು ಒಂದು ಗಂಟೆಯಲ್ಲಿ ಬೆಳ್ಳಗೆ ಮಾಡಿ ಹೋಗುತ್ತಿದ್ದ. ನಾನು ಕಿವಿಯ ಓಲೆ, ಇನ್ನು ಹಾಕಿಕೊಳ್ಳುವಂತಿಲ್ಲದ ತಾಳಿಯ ಚಿನ್ನ ಎರಡನ್ನೂ ಅಂಥದೊಂದು ಮಿಷನ್ನಿಗಾಗಿ ಮಾರಿದೆ. ಮಿಷನ್ನಿನ ಅಂಗಡಿಯವನ ಹತ್ತಿರ ನಾನು ಮಾತಾಡಲಾರೆ ಎಂದು ಭಾವನನ್ನೇ ಕರೆದುಕೊಂಡು ಹೋದೆ. ಕುರಿ ತನಗೆ ಹಗ್ಗ ತರಲು ಕಟುಕನನ್ನೇ ಜೊತೆಗೆ ಕರೆದುಕೊಂಡು ಹೋದ ಹಾಗೆ.

ಅದು ಔಷಧಿ ಹೊಡೆಯುವ ಪಂಪು, ಮೇವು ಕತ್ತರಿಸುವ ಮಿಷನ್ನು ಮಾರುವ ಅಂಗಡಿ. ಅಂಗಡಿಯವನು ಮೂರು ಮಿಷನ್ನು ಎಳೆದು ಮುಂದೆ ನಿಲ್ಲಿಸಿದ. ನನ್ನ ಕಡೆ ನೋಡದೆ ಭಾವನಿಗೇ ವಿವರಿಸಿದ.

"ಇದು ಸಣ್ಣದು, ಕರೆಂಟಿಂದು. ಕಾರ್ ತೊಳ್ಕಳರು ತಗತಾರೆ. ಅರ್ಧ ಗಂಟೆ ಮೇಲೆ ಒಂದೇ ಸಮ ಓಡ್ಸುದ್ರೆ ಮೋಟ್ರು ಸುಟ್ಟೋಯ್ತದೆ. ಇದೂ ಕರೆಂಟಿಂದೇ, ಆದ್ರೆ ಮೋಟ್ರು ಬೇರೆ ತರದ್ದು. ಪಂಪಿನ ತಲೆ ಹಿತ್ತಾಳೆ. ಸಂಜೆ ತನಕ ಓಡ್ಸಿ, ಕುಯ್ ಅನ್ನಲ್ಲ. ದಪ್ಪ ಪಿನ್ನಿನ ಪ್ಲಗ್ ಒಂದ್ ಬೇಕು, ಅಷ್ಟೇಯ. ಮನೆ ಕೆಲ್ಸಕ್ಕೆ ಇದೇ ಸರಿ."

"ಆ ಕೆಂಪುದು?" ಎಂದರು ಭಾವ.

"ಅದು ಪೆಟ್ರೋಲಿಂದು. ಕರೆಂಟೇ ಬ್ಯಾಡ, ಡ್ರಮ್ಮಿಂದ ನೀರ್ ತಾನೇ ಎಳ್ಕತದೆ. ಜೋರೂ ಜಾಸ್ತಿ. ಆದ್ರೆ ಹೊಗೆ, ಸದ್ದು. ಕ್ವಾರಿಗೆ, ಲಾರಿ ಶೆಡ್ಡಿಗೆ ಕೊಡ್ತೀವಿ. ಮನೆ ಹತ್ರಕ್ಕೆ ಅಲ್ಲ."

ಅಂಗಡಿಯವನು ಒಳ್ಳೆಯವನೇ. ಎರಡನೆಯದನ್ನು ಒಂದು ದಿನ ಓಡಿಸಿ ನೋಡಿ ಎಂದು ಕೊಟ್ಟು ಕಳಿಸಿದ.

ಗೌರಿ ಹಬ್ಬದ ಹಿಂದಿನ ದಿನ ಅದನ್ನು ಹೊತ್ತು ಒಂದು ಮನೆಗೆ ಹೋದೆ. ನಿಮ್ಮ ತಾತ ಎರಡು ಸಲ ಬಣ್ಣ ಬಳಿದಿದ್ದ ಮನೆ, ಹಬ್ಬಕ್ಕೆ ಅಂಗಳ ತೊಳೆಯಲು ಅವರೇ ಹೇಳಿ ಕಳಿಸಿದ್ದರು. ಅಂಗಳದ ಕಲ್ಲು ಹಾಸು ಪಾಚಿ ಕಟ್ಟಿ ಹಸಿರಾಗಿತ್ತು. ಆ ಮನೆಯ ಹೆಂಗಸು ಬಾಗಿಲಲ್ಲೇ ಕೈ ಅಡ್ಡ ಹಿಡಿದಳು. "ದಪ್ಪ ಪಿನ್ನಿನ ಪ್ಲಗ್ ಅಡಿಗೆ ಮನೇಲೈತೆ. ನೀವು ಒಳಗ್ ಬರಬೇಡಿ, ನಾಳೆ ಗೌರಿ, ಮುತ್ತೈದೇರ್ ಬಾಗ್ನ ಎಲ್ಲ ಅಲ್ಲೇ ಇಟ್ಟಿದ್ದೀವಿ. ಕಿಟಕೀಲಿ ವೈರ್ ಕೊಡಿ." ಕೊಟ್ಟೆ. ಮಿಷನ್ನು ಓಡಿತು. ಕಲ್ಲಿನ ನಿಜವಾದ ಬಣ್ಣ ಮೊದಲ ಸಲ ಕಾಣಿಸಿದಾಗ ನನಗೆ ಆದ ಸಂತೋಷವನ್ನು ಯಾರಿಗೂ ಹೇಳಿಕೊಳ್ಳಲಿಲ್ಲ, ಈಗ ಹೇಳುತ್ತಿದ್ದೇನೆ.

ಹತ್ತು ನಿಮಿಷಕ್ಕೆ ಮಿಷನ್ನು ನಿಂತಿತು. ನನ್ನ ವೈರು ಕಿತ್ತು ಗ್ರೈಂಡರು ಹಾಕಿದ್ದರು, ಒಳಗೆ ರುಬ್ಬುವ ಸದ್ದು. ಮತ್ತೆ ಹಾಕಿದರು. ಮತ್ತೆ ನಿಂತಿತು. ಮೂರನೆಯ ಸಲ ನಿಂತದ್ದು ಮತ್ತೆ ಶುರುವಾಗಲಿಲ್ಲ. ರುಬ್ಬುವ ಸದ್ದು ಮುಗಿದು ಎಷ್ಟೋ ಹೊತ್ತಾಗಿತ್ತು. ನಾನು ಒದ್ದೆ ಸೀರೆಯಲ್ಲಿ, ನೀರು ಚಿಮ್ಮಿಸುವ ಗನ್ನು ಹಿಡಿದು ಕಿಟಕಿಯ ಕೆಳಗೆ ನಿಂತಿದ್ದೆ. ಒಳಗಿನ ಮಾತು ಕೇಳಿಸುತ್ತಿತ್ತು.

"ಅವ್ಳು ಇನ್ನೂ ಹೊರ್ಗಡೆ ನಿಂತವ್ಳೆ ಕಣೆ, ವೈರ್ ಕಿತ್ತಾಕಿದ್ದೀವಲ್ಲ."

"ನಿಂತಿರ್ಲಿ ಬುಡು. ಬೇಕಾದ್ರೆ ಕೇಳ್ತಾಳೆ. ಎಷ್ಟೊತ್ತು ನಿಂತ್ಕತಾಳೋ ನೋಡನ."

ಇಬ್ಬರೂ ನಕ್ಕರು. 'ಅಮ್ಮ, ಪ್ಲಗ್ ಹಾಕಿ' ಎಂಬ ಮಾತು ನನ್ನ ಗಂಟಲಲ್ಲೇ ಇತ್ತು. ಹೊತ್ತು ಇಳಿಯುವವರೆಗೂ ಅದು ಅಲ್ಲೇ ಇತ್ತು. ಅರ್ಧ ಅಂಗಳ ಬೆಳ್ಳಗೆ, ಅರ್ಧ ಹಸಿರು ಬಿಟ್ಟು ನಾನು ಮಿಷನ್ನು ಎಳೆದುಕೊಂಡು ವಾಪಸು ಬಂದೆ. ಅವರು ಕಿಟಕಿಯಿಂದ ವೈರನ್ನು ಹೊರಗೆ ಎಸೆದರು.

ಹಬ್ಬ ಕಳೆದು ಮಿಷನ್ನು ಹಿಂದಿರುಗಿಸಲು ಹೋದಾಗ ಅಂಗಡಿಯವನು, "ಹೆಂಗಿತ್ತಮ್ಮ?" ಎಂದ. ಭಾವನೇ ಉತ್ತರಿಸಿದರು. "ಹೆಂಗಿತ್ತು ಅಂತ ಅವ್ಳೇನ್ ಹೇಳಾಳು, ಬಾಯಿದ್ರೆ ತಾನೇ?" ನಾನು ಕೈಯೆತ್ತಿ ಆ ಕೆಂಪು ಪೆಟ್ರೋಲ್ ಮಿಷನ್ನನ್ನು ಬೆರಳು ಮಾಡಿ ತೋರಿಸಿದೆ. ಅದಕ್ಕೆ ಯಾರ ಅಡಿಗೆ ಮನೆಯೂ ಬೇಕಿರಲಿಲ್ಲ.

"ಬ್ಯಾಡಮ್ಮ. ಹೊಗೆ ಬತ್ತದೆ, ಭಾರ ಬೇರೆ," ಎಂದ ಅಂಗಡಿಯವನು.

"ತಗಳ್ಲಿ ಬುಡಪ್ಪ," ಎಂದರು ಭಾವ. "ಒಂದೊರ್ಷ ತಾನೇ. ಆಮೇಲೆ ನಮ್ ಕೊಟ್ಟಿಗೆ ತೊಳ್ಯಕ್ಕಾಯ್ತದೆ. ಮಿಷನ್ನೂ ಅವ್ಳೂ ಒಟ್ಗೇ ಬತ್ತವೆ."

ಹೀಗೆ ನಾನು ಮಿಷನ್ನು ಆರಿಸಿದೆ. ಯಾವುದು ಗೋಡೆಗೆ ಒಳ್ಳೆಯದು ಎಂದು ನೋಡಲಿಲ್ಲ, ಯಾವುದಕ್ಕೆ ಮಾತಾಡಬೇಕಿಲ್ಲ ಎಂದು ನೋಡಿದೆ. ಇದನ್ನು ನೀವು ನೆನಪಿಡಬೇಕು.

ಮಿಕ್ಕದ್ದನ್ನು ಕೆಲಸವೇ ಕಲಿಸಿತು. ಗನ್ನಿನ ತುದಿಗೆ ಹಾಕುವ ನಾಜಲ್ಲುಗಳಿಗೆ ಒಂದೊಂದು ಬಣ್ಣ. ಕೆಂಪು ನಾಜಲ್ಲಿನ ನೀರು ಸೂಜಿಯ ಹಾಗೆ ಬರುತ್ತದೆ, ಅದನ್ನು ಮನೆಯ ಕೆಲಸಕ್ಕೆ ಮುಟ್ಟಲೇಬಾರದು. ನನ್ನ ಎಡಗಾಲಿನ ಮೇಲಿನ ಗೀರು ಬಾಲ್ಯದಲ್ಲಿ ಕುಡುಗೋಲು ತಾಗಿದ್ದು ಎಂದು ನಿಮಗೆ ಹೇಳಿದ್ದೆ. ಅದು ಸುಳ್ಳು, ಕೆಂಪು ನಾಜಲ್ಲು ಸೀಳಿದ್ದು. ಹಸಿರು ನಾಜಲ್ಲು ಕಲ್ಲಿಗೆ, ಕಾಂಪೌಂಡಿಗೆ. ಬಿಳಿಯದು ಬಣ್ಣದ ಗೋಡೆಗೆ. ಸುಣ್ಣದ ಗೋಡೆಗೆ ಯಾವುದೂ ಬೇಡ, ಸುಣ್ಣದ ಜೊತೆ ಗಾರೆಯೂ ಉದುರುತ್ತದೆ. ಚನ್ನಪಟ್ಟಣದಲ್ಲಿ ಒಂದು ಮನೆಯ ಕಂಬದ ಅರಗಿನ ಬಣ್ಣವನ್ನು ಕ್ಷಣದಲ್ಲಿ ಹಾರಿಸಿಬಿಟ್ಟೆ, ಆ ಮನೆಯ ಯಜಮಾನ ನನ್ನ ಮುಖಕ್ಕೆ ಉಗಿದ. ಪೈಪು ಇಪ್ಪತ್ತು ಮೀಟರಿಗೆ ಕಡಿಮೆ ಇರಬಾರದು. ನಮ್ಮ ಕಡೆಯ ಬೋರ್‌ವೆಲ್ ನೀರಿನಲ್ಲಿ ಮರಳು ಬರುತ್ತದೆ, ಪಂಪಿಗೆ ನೀರು ಹೋಗುವಲ್ಲಿ ಜರಡಿ ಹಾಕದಿದ್ದರೆ ಆರು ತಿಂಗಳಲ್ಲಿ ಒಳಗೆಲ್ಲ ಸವೆತ. ಹೆಂಗಸರ ಅಳತೆಯ ಗಂಬೂಟು ಸಿಗಲಿಲ್ಲ. ಗಂಡಸರದಕ್ಕೆ ಬಟ್ಟೆ ತುರುಕಿ ಹಾಕಿಕೊಂಡೆ.

ಗೂಡ್ಸ್ ಆಟೋದವನೊಬ್ಬ ಮಿಷನ್ನು, ನೀರಿನ ಡ್ರಮ್ಮು ಸಾಗಿಸಲು ಒಪ್ಪಿದ. ಅವನೇ ಕೆಲಸ ಹುಡುಕಿ ತರುತ್ತಿದ್ದ, ಅವನೇ ಮಾತಾಡುತ್ತಿದ್ದ. ನಾನು ಹಗ್ಗ ಎಳೆದರೆ ಸಾಕು, ಮಿಷನ್ನು ಬೊಬ್ಬೆ ಹೊಡೆಯುತ್ತಿತ್ತು, ಯಾರು ಏನೆಂದರೂ ಕೇಳಿಸುತ್ತಿರಲಿಲ್ಲ. 'ಹೊಸ್ಲು ಬುಟ್ಬುಡಿ, ಅದನ್ನ ನಾವೇ ತೊಳ್ಕತೀವಿ' ಎಂದು ಹೆಂಗಸರು ಸನ್ನೆ ಮಾಡುತ್ತಿದ್ದರು. ಗಂಡ ಸತ್ತವಳು ಹೊಸ್ತಿಲು ಮುಟ್ಟಬಾರದಲ್ಲ. ಆ ಸದ್ದಿನ ಒಳಗೆ ನನಗೆ ಅದೂ ಅಷ್ಟು ನೋಯುತ್ತಿರಲಿಲ್ಲ. ಬಾಡಿಗೆ ಹೋಗುತ್ತಿತ್ತು, ನಿಮ್ಮ ಚಿಕ್ಕಮ್ಮ ಕಾಲೇಜಿಗೆ ಹೋಗುತ್ತಿದ್ದಳು.

ಯುಗಾದಿಗೆ ಮೊದಲು ಚನ್ನಪಟ್ಟಣದ ಹತ್ತಿರದ ಹಳ್ಳಿಯ ಒಂದು ಮನೆಯಿಂದ ಕೆಲಸ ಬಂತು. ದೊಡ್ಡ ಮನೆ, ಸುತ್ತ ಕಾಂಪೌಂಡು. ಯಜಮಾನಿ ದಪ್ಪನೆಯ ಗಟ್ಟಿ ಹೆಂಗಸು. ಒಬ್ಬನೇ ಮಗ, ಸೊಸೆ ಬಂದು ಎರಡು ವರ್ಷವಾಗಿತ್ತಂತೆ, ಕಬ್ಬಾಳಿನ ಹುಡುಗಿ. ಬಲಗಡೆಯ ಕೋಣೆಯಲ್ಲಿ ರೇಷ್ಮೆ ಹುಳ ಸಾಕಿದ್ದರು. ಆ ಕೋಣೆಯ ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿತ್ತು, ಮುಂದೆ ಸುಣ್ಣ ಬ್ಲೀಚಿಂಗ್ ಚೆಲ್ಲಿತ್ತು. ಹೊರಗಿನವರು ಬರಬೇಡಿ ಎಂದು ಅದರ ಅರ್ಥ. ಹುಳ ನಾಲ್ಕನೆಯ ಜ್ವರಕ್ಕೆ ಕೂತಿದ್ದವು. ಹುಳ ಚರ್ಮ ಕಳಚುವ ಮೊದಲು ತಲೆಯೆತ್ತಿ, ಸೊಪ್ಪು ತಿನ್ನದೆ, ಅಲ್ಲಾಡದೆ ಕೂರುತ್ತದೆ. ಅದಕ್ಕೆ ಜ್ವರ ಎನ್ನುತ್ತಾರೆ. ಆಗ ಕೋಣೆಯಲ್ಲಿ ಊದುಬತ್ತಿ ಹಚ್ಚುವುದಿಲ್ಲ, ಬೀಡಿ ಸೇದಿದವನನ್ನು ಹತ್ತಿರ ಸೇರಿಸುವುದಿಲ್ಲ. ಇದನ್ನು ನನಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ನಾನು ಹುಟ್ಟಿದ್ದೇ ಹುಳದ ಮನೆಯಲ್ಲಿ.

ಮಿಷನ್ನು ಇಡಲು ನೆರಳಿದ್ದದ್ದು ಆ ಕೋಣೆಯ ಬಲೆ ಕಿಟಕಿಯ ಕೆಳಗೆ. ಇನ್ನೊಂದು ಕಡೆ ನೆರಳಿನಲ್ಲಿ ಅವರ ಟ್ರಾಕ್ಟರಿನ ಟ್ರೈಲರು ನಿಂತಿತ್ತು. ಅದನ್ನು ಒಸಿ ಪಕ್ಕಕ್ಕೆ ಎಳೆಯಿರಿ ಎಂದರೆ ಎಳೆಯುತ್ತಿದ್ದರು. ಆಟೋದವನು ಡ್ರಮ್ಮು ಇಳಿಸಿ ಬೇರೆ ಬಾಡಿಗೆಗೆ ಹೋಗಿದ್ದ, ಕೇಳಬೇಕಾದವಳು ನಾನೇ. ನಾನು ಕಿಟಕಿಯ ಕೆಳಗೇ ಮಿಷನ್ನು ಇಟ್ಟು ಹಗ್ಗ ಎಳೆದೆ.

ಅರ್ಧ ಗಂಟೆಯಾಗಿರಬಹುದು, ಸೊಸೆ ಹೊರಗೆ ಬಂದಳು. ಮೂಗಿಗೆ ಸೆರಗು ಹಿಡಿದಿದ್ದಳು. ಮಿಷನ್ನು ತೋರಿಸಿ, ಕಿಟಕಿ ತೋರಿಸಿ, ಆಚೆಗೆ ತಳ್ಳಿ ಎಂದು ಕೈಯಲ್ಲಿ ಸನ್ನೆ ಮಾಡಿದಳು. ನನಗೆ ಅರ್ಥವಾಯಿತು. ಆ ಬದಿಯ ಗೋಡೆ ಒಂದಿಷ್ಟು ಉಳಿದಿತ್ತು. ನಾನು ಐದು ಬೆರಳು ತೋರಿಸಿದೆ, ಐದು ನಿಮಿಷ ಎಂದು. ಅವಳು ಸ್ವಲ್ಪ ಹೊತ್ತು ನಿಂತು ನೋಡಿ ಒಳಗೆ ಹೋದಳು. ಅವಳೂ ನನ್ನ ಹಾಗೆಯೇ, ಎರಡನೆಯ ಸಲ ಹೇಳುವವಳಲ್ಲ. ಐದು ನಿಮಿಷ ಒಂದೂವರೆ ಗಂಟೆಯಾಯಿತು.

ಎರಡು ದಿನ ಬಿಟ್ಟು ಹಿಂದಿನ ಅಂಗಳ ತೊಳೆಯಲು ಹೋದಾಗ ಗೇಟಿನಲ್ಲೇ ವಾಸನೆ ಬಡಿಯಿತು. ಸತ್ತ ಹುಳದ ವಾಸನೆ ಒಮ್ಮೆ ಮೂಗಿಗೆ ಬಿದ್ದರೆ ಜನ್ಮದಲ್ಲಿ ಮರೆಯುವುದಿಲ್ಲ. ತಟ್ಟೆಗಳನ್ನೆಲ್ಲ ಅಂಗಳಕ್ಕೆ ತಂದಿಟ್ಟಿದ್ದರು. ಹುಳ ಹಸಿರು ಕಕ್ಕಿ ಮೆತ್ತಗಾಗಿ ಬಿದ್ದಿದ್ದವು. ಸೊಸೆ ನೆಲದಲ್ಲಿ ಕೂತು ಬರಿಗೈಯಲ್ಲಿ ಅವನ್ನು ಬಾಚಿ ಮಂಕರಿಗೆ ತುಂಬುತ್ತಿದ್ದಳು. ಅತ್ತೆ ಅವಳ ತಲೆಯ ಮೇಲೆ ನಿಂತಿದ್ದಳು.

"ಮುಟ್ಟಾಗಿ ಹುಳಿನ್ ಕೋಣೆಗೆ ಹೋಗವ್ಳೆ, ಹಾಳ್ ಮುಂಡೆ. ಮೂರ್ ತಲೆಮಾರಿಂದ ಹುಳ ಸಾಕ್ತಾ ಇದ್ದೀವಿ, ಹಿಂಗ್ ಒಂದೇ ಸಲಕ್ಕೆ ಎಂದೂ ಸತ್ತಿಲ್ಲ."

"ಇಲ್ಲ ಅತ್ತೆ, ನಾನ್ ಹೋಗಿಲ್ಲ. ಮಿಷನ್ ಹೊಗೆ ಒಳಕ್ ಬಂತು."

ಅತ್ತೆ ನನ್ನ ಕಡೆ ತಿರುಗಿದಳು. ಸೊಸೆಯೂ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಮೊಣಕೈಯವರೆಗೆ ಹಸಿರು ಲೋಳೆ ಹತ್ತಿತ್ತು.

"ಏನಮ್ಮಿ, ನಿನ್ ಹೊಗೆ ಒಳಕ್ ಹೋಯ್ತಾ?"

ಶಾಲೆಯಲ್ಲಿ ಬಾರದ ಮಾತು, ಆ ಗೌರಿ ಹಬ್ಬದ ಮನೆಯ ಕಿಟಕಿಯ ಕೆಳಗೆ ಬಾರದ ಮಾತು ಆಗ ತಡವಿಲ್ಲದೆ ಬಂತು. ನನ್ನ ಕಣ್ಣ ಮುಂದೆ ಇದ್ದದ್ದು ಭಾವನ ಟೆಂಪೋ.

"ಇಲ್ಲಮ್ಮ. ಗಾಳಿ ಆ ಕಡೆಗಿತ್ತು," ಎಂದೆ.

ಅಷ್ಟೇ. ಸೊಸೆ ಹುಳ ಬಾಚುವುದನ್ನು ಮುಂದುವರಿಸಿದಳು. ಅತ್ತೆ ಅವಳ ಜುಟ್ಟು ಹಿಡಿದು ಎಳೆದು ತಿಪ್ಪೆಯ ಕಡೆಗೆ ತಳ್ಳಿದಳು. ಅವಳ ಗಂಡ ಜಗಲಿಯ ಮೇಲೆ ಕೂತು ಚಪ್ಪಲಿಯ ಬಾರು ಸರಿ ಮಾಡುತ್ತಿದ್ದ. ನಾನು ಹಿಂದಿನ ಅಂಗಳಕ್ಕೆ ಹೋಗಿ ಹಗ್ಗ ಎಳೆದೆ. ಮಿಷನ್ನು ಶುರುವಾದ ಮೇಲೆ ಏನೂ ಕೇಳಿಸಲಿಲ್ಲ.

ಸಂಜೆ ಆಟೋದಲ್ಲಿ ವಾಪಸು ಬರುವಾಗ ದಾರಿಯಲ್ಲಿ ಅವಳು ನಡೆದು ಹೋಗುತ್ತಿದ್ದಳು. ಕೈಯಲ್ಲಿ ಒಂದು ಬಟ್ಟೆಯ ಚೀಲ. ಆಟೋದವನು ನಿಧಾನ ಮಾಡಿದ.

"ಅವರ ಮನೆ ಸೊಸೆ ಅಲ್ವಾ ಅದು? ತವರ್ಗೆ ಅಟ್ಟವ್ರೆ ಅಂತ ಕಾಣ್ತದೆ. ಬಸ್ಟಾಪ್ ಗಂಟ ಹತ್ತುಸ್ಕಳನಾ?"

"ಬ್ಯಾಡ, ನಡಿ," ಎಂದೆ.

ಅವಳು ಆಟೋದ ಸದ್ದಿಗೆ ಪಕ್ಕಕ್ಕೆ ಸರಿದು ನಿಂತಳು. ನಮ್ಮ ಧೂಳು ಅವಳ ಮೇಲೆ ಬಿತ್ತು.

ತಿಥಿಯವರೆಗೆ ನಾನು ಯಾರಿಗೂ ಹೇಳಲಿಲ್ಲ. ಹೇಳಿದರೆ ಹುಳಕ್ಕೆ ಬದಲಾಗಿ ಮಿಷನ್ನು ಕಿತ್ತುಕೊಳ್ಳುತ್ತಾರೆ, ಮಿಷನ್ನು ಹೋದರೆ ಟೆಂಪೋ ಬರುತ್ತದೆ. ನಿಮ್ಮ ಚಿಕ್ಕಮ್ಮನಿಗಾಗಿ ಸುಮ್ಮನಿದ್ದೇನೆ ಎಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೆ. ಅವಳು ಎರಡನೆಯ ಪಿಯುಸಿಗೆ ಹೋದಳು. ಪುಸ್ತಕ ಹಿಡಿದು ಕೂತ ಅವಳನ್ನು ನೋಡಿದಾಗಲೆಲ್ಲ ಇನ್ನೊಬ್ಬರ ಮ‌ಗಳು ಯಾವುದೋ ಮನೆಯ ಮೂಲೆಯಲ್ಲಿ ಕೂತಿರುತ್ತಾಳೆ ಎನಿಸುತ್ತಿತ್ತು. ಎನಿಸಿದರೂ ಅನ್ನ ಸೇರುತ್ತಿತ್ತು, ನಿದ್ದೆ ಬರುತ್ತಿತ್ತು. ಸುಳ್ಳು ಬರೆಯಬಾರದು.

ತಿಥಿಗೆ ಭಾವ ಟೆಂಪೋದಲ್ಲೇ ಬಂದರು. ನೆಂಟರ ಮುಂದೆ ಮಿಷನ್ನಿನ ಸುತ್ತ ಒಂದು ಸುತ್ತು ಬಂದು, "ನೋಡ್ರಪ್ಪ, ಗಂಡ ಹೋದ್ಮೇಲೆ ಇವ್ಳೇ ಗಂಡಸಾಗವ್ಳೆ, ಬೂಟ್ ಬೇರೆ" ಎಂದರು. ಎಲ್ಲರೂ ನಕ್ಕರು. ಆದರೆ ಸಾಮಾನು ತುಂಬುವ ಮಾತನ್ನು ಯಾರೂ ಎತ್ತಲಿಲ್ಲ. ಊಟ ಮಾಡಿ ಹೊರಡುವಾಗ, "ಟೆಂಪೋ ಖಾಲಿ ಯಾಕ್ ಹೋಗ್ಬೇಕು" ಎಂದು ನಿಮ್ಮ ತಾತನ ಏಣಿಯನ್ನು ಎತ್ತಿ ಹಾಕಿಕೊಂಡರು. ಅದರ ಮೆಟ್ಟಿಲುಗಳ ಮೇಲೆ ಅವರು ಬಳಿದ ಎಲ್ಲ ಮನೆಗಳ ಬಣ್ಣವೂ ಒಂದೊಂದು ಹನಿ ಇತ್ತು.

ಮರುವಾರ ಕಬ್ಬಾಳಿಗೆ ಹೋದೆ. ನನಗೆ ಇನ್ನು ಭಯವಿಲ್ಲ ಎಂದು ಖಾತ್ರಿಯಾದ ಮೇಲೆ ಹೋದೆ, ಅದನ್ನು ಗಮನಿಸಿ. ದೇವಸ್ಥಾನದ ಹಿಂದಿನ ಬೀದಿಯಲ್ಲಿ ಅವಳ ತವರುಮನೆ. ಅವಳು ಬಾಗಿಲ ಬಳಿ ಯಾರದೋ ಕೂಲಿಗೆ ಹಿಪ್ಪುನೇರಳೆ ಸೊಪ್ಪು ಕತ್ತರಿಸುತ್ತಿದ್ದಳು. ಬಹಳ ಇಳಿದುಹೋಗಿದ್ದಳು. ನನ್ನನ್ನು ನೋಡಿ ಕತ್ತಿ ಕೆಳಗಿಡಲಿಲ್ಲ.

"ಏನಕ್ಕ, ಗಾಳಿ ಯಾವ ಕಡೆಗಿತ್ತು ಅಂತ ಹೇಳಕ್ ಬಂದ್ರಾ?"

ನಾನು ನಿಂತೇ ಇದ್ದೆ. ಅವಳು ಕೂರಲು ಹೇಳಲಿಲ್ಲ.

"ಅವತ್ತು ನೀವ್ ಆಟೋ ನಿಲ್ಲುಸ್ತೀರ ಅನ್ಕಂಡಿದ್ದೆ," ಎಂದಳು. "ತಪ್ಪು ಒಪ್ಕಳದ್ ಬ್ಯಾಡ, ಹತ್ತುಸ್ಕತೀರ ಅಂತ. ಆ ಬ್ಯಾಗು ಭಾರ ಇತ್ತು."

"ತಪ್ಪಾಯ್ತು ಕಣವ್ವ. ಹೊಗೆ ಒಳಕ್ಕೇ ಹೋಗಿತ್ತು."

"ನಂಗ್ ಹೇಳುದ್ರೆ ಏನ್ ಬಂತು? ನಂಗ್ ಗೊತ್ತಿಲ್ವಾ? ಅಲ್ಲಿಗ್ ಬಂದ್ ಹೇಳ್ತೀರಾ?"

"ಹೇಳ್ತೀನಿ."

"ಯಾವತ್ತು?"

"ಈಗ್ಲೇ."

ಅವಳು ಮೊದಲ ಸಲ ಕತ್ತಿ ಕೆಳಗಿಟ್ಟಳು. ಸಾತನೂರಿನ ಮೇಲೆ ಬಸ್ಸಿನಲ್ಲಿ ಹೋದೆವು. ಆ ಮನೆಯ ಅಂಗಳದಲ್ಲಿ ನಿಂತು, ಅತ್ತೆ, ಮಗ, ಸೊಪ್ಪು ತಂದಿದ್ದ ಇಬ್ಬರು ಆಳುಗಳ ಮುಂದೆ ನಾನು ಹೇಳಿದೆ. ಹೊಗೆ ನನ್ನದು. ಇವಳು ಬಂದು ಸನ್ನೆ ಮಾಡಿದಳು, ನಾನು ನಿಲ್ಲಿಸಲಿಲ್ಲ. ಆಮೇಲೆ ಸುಳ್ಳು ಹೇಳಿದೆ. ಕೊನೆಯವರೆಗೂ ಹೇಳಿದೆ.

ಅತ್ತೆ ಬೈಯುತ್ತಾಳೆ, ಹೊಡೆಯುತ್ತಾಳೆ ಎಂದುಕೊಂಡಿದ್ದೆ. "ಸರಿ, ಆ ಮಿಷನ್ ತಂದ್ ಇಲ್ ಬುಡು" ಎಂದಳು. ಸೊಸೆಯ ಕಡೆ ತಿರುಗಿ, "ಏನ್ ನಿಂತ್ಕಂಡಿದ್ದೀಯೆ? ಒಳಕ್ ಹೋಗು, ಹಾಲ್ ಕರ್ಯೋ ಹೊತ್ತಾಯ್ತು" ಎಂದಳು. ಸೊಸೆ ಒಳಗೆ ಹೋದಳು. ನನ್ನ ಕಡೆ ನೋಡಲಿಲ್ಲ. ಅವಳನ್ನು ಮತ್ತೆ ಅದೇ ಮನೆಯ ಒಳಗೆ ಕಳಿಸಿದ್ದು ಒಳ್ಳೆಯದೋ ಕೆಟ್ಟದ್ದೋ ನನಗೆ ಗೊತ್ತಾಗಲಿಲ್ಲ, ಈಗಲೂ ಗೊತ್ತಿಲ್ಲ. ಮಾರನೆಯ ದಿನ ಮಿಷನ್ನು ಒಪ್ಪಿಸಿ ಬಂದೆ.

ಮೂರನೆಯ ದಿನಕ್ಕೆ ಸುದ್ದಿ ಮಾಗಡಿ ಮುಟ್ಟಿತು. ಭಾವ ಫೋನು ಮಾಡಿದರು. "ಮಿಷನ್ ಕೊಟ್ಬಂದ್ಯಂತೆ. ಸೋಮ್ವಾರ ಟೆಂಪೋ ತತ್ತೀನಿ. ಕೊಟ್ಟಿಗೆ ಗುಡಿಸ್ಸಿವ್ನಿ."

"ಬ್ಯಾಡ ಭಾವ. ನಾವ್ ಬರಲ್ಲ."

"ಓಹೋ, ಬಾಯ್ ಬಂತಾ? ಉಪಾಸ ಬಿದ್ದಾಗ ಆ ಬಾಯ್ಗೆ ಏನ್ ಹಾಕ್ಕತೀಯೋ ನೋಡ್ತೀನಿ."

ಅವರು ಹೇಳಿದ್ದು ಪೂರ್ತಿ ಸುಳ್ಳಾಗಲಿಲ್ಲ. ಅಟ್ಟದಿಂದ ತಂತಿ ಬ್ರಷ್ಷು ಇಳಿಸಿದೆ. ಆಟೋದವನು ಬರುವುದನ್ನು ಬಿಟ್ಟ. ಬೀದಿ ಬೀದಿ ನಡೆದು, ಗೇಟು ತಟ್ಟಿ, ಕಾಂಪೌಂಡು ಉಜ್ಜಿಸುತ್ತೀರಾ ಎಂದು ನಾನೇ ಕೇಳಿದೆ. ಹತ್ತು ಮನೆಯಲ್ಲಿ ಎಂಟು ಮನೆಯವರು ನಾಯಿ ಬಿಟ್ಟ ಹಾಗೆ ಬೈದರು, ಒಂದು ಮನೆಯವರು ನಿಜವಾಗಿಯೂ ನಾಯಿ ಬಿಟ್ಟರು, ಉಳಿದ ಒಂದು ಮನೆಯವರು ಕೆಲಸ ಕೊಟ್ಟರು. ನಿಮ್ಮ ಚಿಕ್ಕಮ್ಮ ಕಾಲೇಜಿಗೆ ಮೊದಲು ಬಂದು ನನ್ನ ಜೊತೆ ಉಜ್ಜಿ, ಬೆರಳಿನಲ್ಲಿ ಬ್ಲೀಚಿಂಗ್ ವಾಸನೆ ಇಟ್ಟುಕೊಂಡೇ ಕ್ಲಾಸಿನಲ್ಲಿ ಕೂರುತ್ತಿದ್ದಳು. ಅವಳ ಗೆಳತಿಯರು ಬೇರೆ ಬೆಂಚಿಗೆ ಹೋದರು. ಅವಳು ಪಿಯುಸಿ ಮುಗಿಸಿದಳು. ಮುಂದಿನದು ನಿಮಗೆ ಗೊತ್ತೇ ಇದೆ, ನಿಮಗೆ ಜ್ವರ ಬಂದಾಗ ರಕ್ತ ಪರೀಕ್ಷೆ ಮಾಡುವವಳು ಅವಳೇ. ಟೆಂಪೋ ಬರಲಿಲ್ಲ.

ಎರಡು ವರ್ಷದ ಮೇಲೆ ಅದೇ ಅಂಗಡಿಯಿಂದ, ಅವತ್ತು ಅವನು ಹೇಳಿದ್ದ ಎರಡನೆಯ ತರದ ಮಿಷನ್ನು ತಂದೆ. ಅದರ ಜೊತೆ ಮೂವತ್ತು ಮೀಟರಿನ ದಪ್ಪ ವೈರು. ಮೊದಲ ಮನೆಯ ಗೇಟಿನಲ್ಲಿ ನಿಂತು, "ಅಮ್ಮ, ದಪ್ಪ ಪಿನ್ನಿನ ಪ್ಲಗ್ ಎಲ್ಲೈತೆ? ನಾನೇ ಒಳಗ್ ಬಂದ್ ಹಾಕ್ಬೇಕು. ಮನೇಲಿ ಹುಳ ಸಾಕಿದ್ದೀರಾ?" ಎಂದು ಒಂದೇ ಉಸಿರಿಗೆ ಕೇಳಿದೆ. ಆ ಹೆಂಗಸು, "ಇವತ್ತು ಶುಕ್ರವಾರ, ನಾಳೆ ಬಾ" ಎಂದು ಬಾಗಿಲು ಹಾಕಿಕೊಂಡಳು. ಮಾರನೆಯ ದಿನ ಮತ್ತೆ ಹೋಗಿ ಅದನ್ನೇ ಕೇಳಿದೆ.

ಆಮೇಲೊಮ್ಮೆ ಚನ್ನಪಟ್ಟಣದ ಕಡೆ ಕೆಲಸಕ್ಕೆ ಹೋಗುವಾಗ ಆ ಹಳ್ಳಿಯ ಮುಂದೆ ಹಾದೆ. ನನ್ನ ಕೆಂಪು ಮಿಷನ್ನು ಅವರ ಕೊಟ್ಟಿಗೆಯ ಮೂಲೆಯಲ್ಲಿ ತುಕ್ಕು ಹಿಡಿದು ನಿಂತಿತ್ತು, ಅದರ ಮೇಲೆ ಕೋಳಿ ಕೂತಿತ್ತು. ಪಕ್ಕದಲ್ಲಿ ಸೊಸೆ ಬಕೆಟ್ಟಿನಲ್ಲಿ ನೀರು ಹೊತ್ತು ತಂದು ಎಮ್ಮೆ ತೊಳೆಯುತ್ತಿದ್ದಳು. ತಲೆಯೆತ್ತಿ ನನ್ನನ್ನು ನೋಡಿದಳು. ಮತ್ತೆ ಎಮ್ಮೆ ತೊಳೆದಳು.

ನಿನ್ನ ಮೊಬೈಲಿನ ಮೂರನೆಯ ಚಿತ್ರದ್ದು ಬೇಡ. ಮೊದಲನೆಯದು ಆಟದ ಸಾಮಾನು. ಎರಡನೆಯದು ಸರಿ, ಆದರೆ ಪಂಪಿನ ತಲೆ ಹಿತ್ತಾಳೆಯದೇ ಎಂದು ಅಂಗಡಿಯಲ್ಲಿ ಉಗುರಿನಲ್ಲಿ ಕೆರೆದು ನೋಡು. ಕೆಂಪು ನಾಜಲ್ಲನ್ನು ಮನೆಗೆ ತಂದ ದಿನವೇ ಎಸೆದುಬಿಡು. ಅದಕ್ಕೆ ಮೊದಲು ಇನ್ನೊಂದು ಕೆಲಸವಿದೆ. ಒಂದು ದಿನ ಬರಿಗೈಯಲ್ಲಿ ಹೋಗಿ, ಗೊತ್ತಿಲ್ಲದ ಹತ್ತು ಮನೆಗಳ ಗೇಟು ತಟ್ಟಿ, ಪ್ಲಗ್ ಎಲ್ಲಿದೆ ಎಂದು ಕೇಳಿ ಬಾ. ನಿನ್ನ ತಮ್ಮನಿಂದ ಕೇಳಿಸಬೇಡ, ನೀನೇ ಕೇಳು. ಹತ್ತನೆಯ ಮನೆಯಲ್ಲೂ ನಿನ್ನ ಬಾಯಿ ಏಳದಿದ್ದರೆ ಯಾವ ಮಿಷನ್ನನ್ನೂ ಕೊಳ್ಳಬೇಡ.